ಎಂಟಕ್ಕೆ ಕೈ ಮುಗಿಯುವ ಲೆಕ್ಕ

ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟ ನಾನು ನನ್ನ ಕೈಬೆರಳುಗಳನ್ನು ಸರಿಯಾಗಿ ನೋಡಿಕೊಂಡದ್ದು ನಿವೃತ್ತನಾದ ಮೇಲೆ. ಇದನ್ನು ಹಳೆಯ ಸಹೋದ್ಯೋಗಿಗಳ ಮುಂದೆ ಹೇಳಲಾರೆ. ನೀವು ಹತ್ತಿರದವರು, ನಕ್ಕರೂ ಮೆಲ್ಲಗೆ ನಗುತ್ತೀರಿ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ಮನುಷ್ಯನಿಗೆ ಹತ್ತು ಬೆರಳು, ಅದಕ್ಕೇ ಹತ್ತರ ಲೆಕ್ಕ, ಅದಕ್ಕೇ ದಶಮಾನ ಪದ್ಧತಿ ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎರಡೂ ಕೈ ಎತ್ತಿ ತೋರಿಸುತ್ತಿದ್ದೆ. ಮಕ್ಕಳೂ ಎತ್ತುತ್ತಿದ್ದರು. ತರಗತಿಯ ತುಂಬ ಕೈಗಳು, ಯಾರೂ ಅನುಮಾನಪಡುತ್ತಿರಲಿಲ್ಲ. ಎಣಿಸುವ ಕೆಲಸಕ್ಕೆ ಬರುವ ಬೆರಳು ಎಂಟೇ ಇರಬಹುದು ಎಂದು ನನಗೆ ಕಲಿಸಿದವಳು ಹುಲಿಗೆಮ್ಮ. ಅವಳು ನನ್ನ ವಿದ್ಯಾರ್ಥಿನಿ. ಹೀಗೆ ಹೇಳುವಾಗ ನನಗೆ ಈಗ ಸ್ವಲ್ಪ ಸಂಕೋಚವಾಗುತ್ತದೆ, ಏಕೆಂದರೆ ಯಾರು ಯಾರಿಗೆ ಕಲಿಸಿದರು ಎಂಬ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನಾನು ಮೊದಲು ಹೊಸಹಳ್ಳಿಯಲ್ಲಿ, ಆಮೇಲೆ ಕೂಡ್ಲಿಗಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ನಿವೃತ್ತನಾದ ಗಣಿತದ ಮೇಷ್ಟ್ರಷ್ಟು ನಿರುಪಯೋಗಿ ಪ್ರಾಣಿ ಇನ್ನೊಂದಿಲ್ಲ. ಕನ್ನಡದ ಮೇಷ್ಟ್ರಾದರೆ ಲಗ್ನಪತ್ರಿಕೆ ತಿದ್ದಿಕೊಡುತ್ತಾರೆ. ವಿಜ್ಞಾನದವರು ಮೋಟರು ರಿಪೇರಿಗಾದರೂ ಸಲಹೆ ಕೊಡುತ್ತಾರೆ. ನಾನು ಬೆಳಿಗ್ಗೆ ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಕೂತು, ಹೊಸಪೇಟೆ ಕಡೆ ಹೋದ ಬಸ್ಸುಗಳಲ್ಲಿ ಚಿತ್ರದುರ್ಗದ ಕಡೆ ಮರಳಿದವನ್ನು ಕಳೆದು, ಉಳಿದವು ಎಲ್ಲಿ ಹೋದವು ಎಂದು ಯೋಚಿಸುತ್ತಿದ್ದೆ. ಮಧ್ಯಾಹ್ನ ಮನೆಯಲ್ಲಿ ಗೋಡೆ ನೋಡುತ್ತಿದ್ದೆ. ನನ್ನ ಹೆಂಡತಿ ಗಿರಿಜೆಗೆ ಇದನ್ನು ಬಹಳ ದಿನ ನೋಡಲಾಗಲಿಲ್ಲ. ಅವಳು ಹರಪನಹಳ್ಳಿಯವಳು. ಅವಳ ‘ಐತೆ’ ನನ್ನ ‘ಐತಿ’ಯ ಜೊತೆ ಮೂವತ್ತು ವರ್ಷದಿಂದ ಸಂಸಾರ ಮಾಡಿದೆ, ಎರಡೂ ಒಂದನ್ನೊಂದು ತಿದ್ದಲು ಹೋಗಿಲ್ಲ.

“ಗೋಡೆ ನೋಡ್ಕೊಂಡು ಕೂತಿರ್ತೀರಲ್ಲ, ಆ ಹುಲಿಗೆಮ್ಮಗೆ ಲೆಕ್ಕನಾದ್ರೂ ಹೇಳಿಕೊಡ್ರಿ,” ಅಂದಳು ಒಂದು ದಿನ. “ಪಾಪ, ಎರಡು ಸಲ ಅದೊಂದರಾಗೇ ಹೋಗೈತೆ.”

ಹುಲಿಗೆಮ್ಮ ನಮ್ಮ ಹಿಂದಿನ ಬೀದಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಸಹಾಯಕಿ. ನಲವತ್ತರ ಹತ್ತಿರದ ವಯಸ್ಸು. ಗಂಡ ಬಸ್ಸಿನ ಮೆಕ್ಯಾನಿಕ್. ತವರು ಹಡಗಲಿ ಕಡೆಯ ಒಂದು ಹಳ್ಳಿ, ಊರ ಸುತ್ತ ಮಲ್ಲಿಗೆ ತೋಟ. ಏಳನೆಯ ತರಗತಿಗೆ ಶಾಲೆ ಬಿಟ್ಟು ಅವ್ವನ ಜೊತೆ ಹೂವು ಕಟ್ಟಲು ಕೂತವಳು, ಮದುವೆಯಾಗುವವರೆಗೂ ಎದ್ದಿರಲಿಲ್ಲ. ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ಮುಖ್ಯ ಅಡುಗೆಯವಳಾಗಿ ಕೆಲಸ ಕಾಯಂ ಆಗಬೇಕಾದರೆ ಹತ್ತನೆಯ ತರಗತಿ ಪಾಸಾಗಿರಬೇಕು ಎಂದು ವಾರ್ಡನ್ ಹೇಳಿದ್ದರಂತೆ. ಖಾಸಗಿಯಾಗಿ ಪರೀಕ್ಷೆ ಕಟ್ಟಿ, ಸಾರು ಕುದಿಯುವ ಹೊತ್ತಿನಲ್ಲಿ ಓದಿ, ಕನ್ನಡ, ಸಮಾಜ, ವಿಜ್ಞಾನ, ಇಂಗ್ಲಿಷನ್ನೂ ದಾಟಿದ್ದಳು. ಗಣಿತ ಮಾತ್ರ ಬಾಗಿಲಲ್ಲಿ ಕಾಲು ಚಾಚಿ ಮಲಗಿತ್ತು. ಮುಂದಿನ ವರ್ಷ ಅವಳ ವಯಸ್ಸು ಆ ಕೆಲಸದ ಮಿತಿಯನ್ನು ದಾಟುತ್ತಿತ್ತು. ಉಳಿದದ್ದು ಆ ವರ್ಷ, ಅದರಲ್ಲಿ ಎರಡು ಪರೀಕ್ಷೆ.

ಮಧ್ಯಾಹ್ನ ಮೂರಕ್ಕೆ, ಹಾಸ್ಟೆಲಿನ ಊಟದ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ನಮ್ಮ ಪಡಸಾಲೆಯಲ್ಲಿ ಪಾಠ. ಮೊದಲ ವಾರವೇ ನನಗೆ ಆಶ್ಚರ್ಯವಾಯಿತು. ಸಮಾಂತರ ಶ್ರೇಢಿಯ ಸೂತ್ರ ಬರುತ್ತಿತ್ತು, ಸರಾಸರಿ ಕಂಡುಹಿಡಿಯುವ ಹೆಜ್ಜೆಗಳು ಬರುತ್ತಿದ್ದವು, ತ್ರಿಭುಜದ ಪ್ರಮೇಯವನ್ನು ಚಿತ್ರ ಸಹಿತ ಬರೆಯುತ್ತಿದ್ದಳು. ಎಲ್ಲ ಸರಿಯಾಗಿ ಬಂದು ಕೊನೆಯ ಸಾಲಿನಲ್ಲಿ ಕೂಡುವಾಗ ತಪ್ಪುತ್ತಿತ್ತು. ದೊಡ್ಡ ಹೊಳೆ ಈಜಿ ಬಂದು ದಡದ ಹತ್ತಿರ ಮೊಣಕಾಲು ನೀರಿನಲ್ಲಿ ಮುಳುಗಿದ ಹಾಗೆ. ಸಂತೆಯಲ್ಲಿ ಅವಳು ಎಂದೂ ತಪ್ಪಿದವಳಲ್ಲ, ಅಲ್ಲಿ ನೋಟು ಕಣ್ಣೆದುರಿಗಿರುತ್ತವೆ. ಕಾಗದದ ಮೇಲಿನ ಅಂಕಿ ಎಂದರೆ ಮಾತ್ರ ಹೀಗೆ.

ನಾನು ನನ್ನ ಹಳೆಯ ಚಾಳಿಯಂತೆ, “ಲಕ್ಷ್ಯ ಇಲ್ಲ ನಿನಗ,” ಅಂದೆ. ಎರಡನೆಯ ವಾರವೂ ಅಂದೆ. ಮೂರನೆಯ ವಾರ ಅವಳು ಪುಸ್ತಕ ಮುಚ್ಚಿ ನನ್ನ ಮುಂದಿಟ್ಟಳು.

“ನನ್ನ ತಲ್ಯಾಗ ಇದು ಹಿಡಿಯಂಗಿಲ್ಲ ಬಿಡ್ರಿ ಸರ್. ನಿಮಗೂ ತ್ರಾಸು, ನನಗೂ ತ್ರಾಸು. ಒಲಿ ಮುಂದ ಇರಾಕಿ ಒಲಿ ಮುಂದ ಇರ್ತೀನಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅಕ್ಕಿ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. ಅದು ನನಗೆ ಚುಚ್ಚಿತು. ಅವಳು ಹೋದ ಮೇಲೆ ಆ ನೋಟುಬುಕ್ಕು ನನ್ನ ಹತ್ತಿರವೇ ಉಳಿಯಿತು. ಮರುದಿನ ಬೆಳಿಗ್ಗೆ ಚಹಾದಂಗಡಿಗೆ ಅದನ್ನೇ ಒಯ್ದೆ. ಬಸ್ಸುಗಳನ್ನು ಬಿಟ್ಟು ತಪ್ಪುಗಳನ್ನು ಎಣಿಸತೊಡಗಿದೆ.

ನೋಡಿ, ಗಣಿತದ ಮೇಷ್ಟ್ರು ಸರಿಯುತ್ತರಗಳನ್ನು ಓದುವುದಿಲ್ಲ, ಟಿಕ್ ಹಾಕಿ ಮುಂದೆ ಹೋಗುತ್ತಾನೆ. ತಪ್ಪುತ್ತರವನ್ನೂ ಓದುವುದಿಲ್ಲ, ಸುತ್ತು ಹಾಕಿ ಮುಂದೆ ಹೋಗುತ್ತಾನೆ. ಅಂದು ಮೊದಲ ಸಲ ಓದಿದೆ. ೩೫ಕ್ಕೆ ೨೬ ಕೂಡಿಸಿ ೬೩ ಎಂದು ಬರೆದಿದ್ದಳು. ೪೭ಕ್ಕೆ ೧೫ ಕೂಡಿಸಿ ೬೪. ೫೬ಕ್ಕೆ ೧೭ ಕೂಡಿಸಿ ೭೫. ಸರಿಯಾದ ಉತ್ತರ ೬೧, ೬೨, ೭೩. ಪ್ರತಿ ಸಲವೂ ಎರಡು ಹೆಚ್ಚು. ೧೫೭ಕ್ಕೆ ೨೬೪ ಕೂಡಿಸಿದಲ್ಲಿ ೪೪೩ ಎಂದಿತ್ತು, ಅಂದರೆ ಇಪ್ಪತ್ತೆರಡು ಹೆಚ್ಚು. ಅಲ್ಲಿ ದಶಕ ಎರಡು ಸಲ ಏರಿತ್ತು. ಎಂಟು, ಒಂಬತ್ತು ಅಂಕಿ ಇದ್ದ ಲೆಕ್ಕಗಳಲ್ಲಿ ತಪ್ಪಿಗೆ ಹಿಡಿತವಿರಲಿಲ್ಲ, ಮನಬಂದಂತೆ ಇತ್ತು. ಅವೆರಡೂ ಇಲ್ಲದ ಕಡೆ ತಪ್ಪು ಎಂಥ ಶಿಸ್ತಿನಿಂದಿತ್ತೆಂದರೆ ನನ್ನ ಜಾಣ ವಿದ್ಯಾರ್ಥಿಗಳ ಸರಿಯುತ್ತರದಲ್ಲೂ ಅಷ್ಟು ಶಿಸ್ತನ್ನು ನಾನು ಕಂಡಿರಲಿಲ್ಲ. ಚಹಾ ಆರಿ ಕೆನೆ ಕಟ್ಟಿತು. ಲಕ್ಷ್ಯ ಇಲ್ಲದವನು ನಾನು.

ಅಂದು ಮಧ್ಯಾಹ್ನ ಹಾಸ್ಟೆಲಿಗೆ ಹೋಗಿ, “ಇದೊಂದು ಲೆಕ್ಕ ನನ್ನೆದುರಿಗೆ ಮಾಡವ್ವ, ಆಮ್ಯಾಲೆ ಬ್ಯಾಡ ಅಂದ್ರ ಬ್ಯಾಡ,” ಎಂದು ಅವಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂಡಿಸಿದೆ. ಐದಕ್ಕೆ ಆರು ಕೂಡಿಸಲು ಹೇಳಿದೆ. ಇಷ್ಟು ದಿನ ಅವಳ ಕಾಗದವನ್ನು ನೋಡುತ್ತಿದ್ದವನು ಅಂದು ಕೈ ನೋಡಿದೆ. ಎಡಗೈಯ ಹೆಬ್ಬೆರಳ ತುದಿ ತೋರುಬೆರಳನ್ನು ಮುಟ್ಟಿತು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಆಮೇಲೆ ಬಲಗೈ. ಅದೇ ಸಾಲು, ಅದೇ ವೇಗ. ಬಲಗೈಯ ಕಿರುಬೆರಳು ಮುಟ್ಟಿದ್ದೇ ತಡ, ಎರಡೂ ಅಂಗೈ ಒಮ್ಮೆ ಕೂಡಿ ಬಿಟ್ಟುಕೊಂಡವು. ದೂರದಿಂದ ನೋಡಿದವರಿಗೆ ಯಾರಿಗೋ ನಮಸ್ಕಾರ ಮಾಡಿದಳು ಅನ್ನಿಸಬೇಕು. ಮತ್ತೆ ಎಡಗೈಯಲ್ಲಿ ಮೂರು ಬೆರಳು ಮುಟ್ಟಿ, “ಒಂದು, ಮೂರು,” ಎಂದಳು.

“ಎಂಟಕ್ಕ ಯಾಕ ಕೈ ಮುಗಿದಿ?” ಅಂದೆ.

“ಎಂಟಕ್ಕ ಮುಗೀತಲ್ರಿ ಸರ್. ಎಂಟು ಗೇಣಿಗೆ ಒಂದು ಮಾರು.”

“ಹೆಬ್ಬೆರಳು ಯಾಕ ಬಿಟ್ಟಿ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಅದಾ ಎಣಿಸಾ ಬೆರಳ್ರಿ. ಅದನ್ನ ಹೆಂಗ ಎಣಿಸಾದು?”

ಮೊಳಕ್ಕೆ ಎರಡು ಗೇಣು, ಮಾರಿಗೆ ನಾಲ್ಕು ಮೊಳ. ಹೂವಿನ ಮಾಲೆ ಅಳೆಯುವವರಿಗೆ ಇದು ಗೊತ್ತು. ಅವಳ ಅವ್ವ ಕಟ್ಟಿದ ಮಾಲೆಗಳನ್ನು ಹುಲಿಗೆಮ್ಮ ಹನ್ನೆರಡನೆಯ ವಯಸ್ಸಿನಿಂದ ಅಳೆದು ಬರೆದಿಡುತ್ತಿದ್ದಳು. ಮೂರು ಮಾರು ಐದು ಗೇಣು ಎಂದರೆ ೩೫. ಅದಕ್ಕೆ ಎರಡು ಮಾರು ಆರು ಗೇಣು ಸೇರಿದರೆ ಆರು ಮಾರು ಮೂರು ಗೇಣು, ಅಂದರೆ ೬೩. ಶಾಲೆಯಲ್ಲಿ ಹತ್ತರ ಲೆಕ್ಕ ಗಟ್ಟಿಯಾಗುವ ಮೊದಲೇ ಶಾಲೆ ತಪ್ಪಿತು, ಹೂವಿನ ಎಂಟು ಕೈಗೆ ಅಂಟಿಕೊಂಡಿತು. ನಾನು ಸುತ್ತು ಹಾಕಿದ ಪ್ರತಿ ಉತ್ತರದಲ್ಲಿದ್ದ ಆ ಹೆಚ್ಚಿನ ಎರಡು ಎಂದರೆ ಅವಳ ಎರಡು ಹೆಬ್ಬೆರಳು.

ಎಂಟರಲ್ಲಿ ಬರೆಯುವ ಈ ಪದ್ಧತಿಗೆ ಪುಸ್ತಕದಲ್ಲಿ ಅಷ್ಟಮಾನ ಎಂಬ ಹೆಸರಿದೆ. ನಾನು ಪದವಿ ಓದುವಾಗ ಕಂಪ್ಯೂಟರಿನ ಪಾಠದಲ್ಲಿ ಒಂದೂವರೆ ಪುಟ ಬಂದಿತ್ತು. ಅದರಲ್ಲಿ ಸೊನ್ನೆಯಿಂದ ಏಳರವರೆಗೆ ಅಂಕಿ, ಎಂಟು ಒಂಬತ್ತು ಎಂಬ ಅಂಕಿಗಳೇ ಇಲ್ಲ. ಎಂಟನ್ನು ಒಂದು-ಸೊನ್ನೆ ಎಂದು ಬರೆಯಬೇಕು, ಅರವತ್ತನಾಲ್ಕನ್ನು ಒಂದು-ಸೊನ್ನೆ-ಸೊನ್ನೆ ಎಂದು. ಒಂದು ಅಂಕದ ಪ್ರಶ್ನೆ ಬಂತು, ಬರೆದೆ, ಮರೆತೆ. ಯಂತ್ರಗಳಿಗೆ ಮಾತ್ರ ಬೇಕಾದದ್ದು ಎಂದುಕೊಂಡಿದ್ದೆ. ಅದು ಹಡಗಲಿಯ ಮಲ್ಲಿಗೆ ತೋಟದಲ್ಲಿ ಓಡಾಡಿಕೊಂಡಿತ್ತು, ನನಗೆ ಸುದ್ದಿಯಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ತಪ್ಪು ಶುರುವಾಗುತ್ತದೆ. ಅವಳ ಕೈ ಎಂಟಕ್ಕೆ ನಿಲ್ಲುತ್ತದೆ ಎಂದು ತಿಳಿದ ಮೇಲೆ ಬುದ್ಧಿಯಿದ್ದ ಮೇಷ್ಟ್ರಾದರೆ ಹತ್ತಕ್ಕೆ ನಿಲ್ಲುವುದನ್ನು ಕಲಿಸುತ್ತಿದ್ದ. ನನಗೆ ಹುಚ್ಚು ಹಿಡಿಯಿತು. ಇಷ್ಟು ವರ್ಷ ಪಠ್ಯಪುಸ್ತಕದ ಆಚೆಗೆ ಒಂದು ಹೆಜ್ಜೆ ಇಡದವನಿಗೆ ಅಂಗಳದಲ್ಲೇ ಹೊಸ ದೇಶ ಸಿಕ್ಕಂತಾಯಿತು. ಅವಳನ್ನು ಮತ್ತೆ ಪಡಸಾಲೆಗೆ ಕರೆದು, ಪರೀಕ್ಷೆಯ ಪಾಠ ಅರ್ಧ ಗಂಟೆ, ಎಂಟರ ಪಾಠ ಒಂದು ಗಂಟೆ ಎಂಬಂತೆ ನಡೆಸಿದೆ.

ಏಳರ ಮಗ್ಗಿಯನ್ನು ಎಂಟರ ಮಾನದಲ್ಲಿ ಬರೆಸಿದೆ. ೭, ೧೬, ೨೫, ೩೪, ೪೩, ೫೨, ೬೧, ೭೦. ಅವಳು ಸ್ವಲ್ಪ ಹೊತ್ತು ನೋಡಿ, “ಎಡಕಿನ ಅಂಕಿ ಒಂದೊಂದು ಏರ್ತೈತಿ, ಬಲಕಿನದು ಒಂದೊಂದು ಇಳೀತೈತಿ. ಎರಡೂ ಕೂಡಿಸಿದ್ರ ಏಳಾ,” ಎಂದಳು. ನಮ್ಮ ಹತ್ತರಲ್ಲಿ ಒಂಬತ್ತಕ್ಕೆ ಇರುವ ಸೊಗಸು ಎಂಟರಲ್ಲಿ ಏಳಕ್ಕೆ ಬರುತ್ತದೆ. ಒಂದು ಸಂಖ್ಯೆ ಏಳರಿಂದ ಭಾಗವಾಗುತ್ತದೆಯೇ ಎಂದು ತಿಳಿಯಲು ಹತ್ತರ ಲೆಕ್ಕದವರು ಒದ್ದಾಡಬೇಕು. ನನಗೇ ಆ ಸೂತ್ರ ಪ್ರತಿ ಸಲ ಮರೆಯುತ್ತಿತ್ತು, ಮಕ್ಕಳಿಗೆ ಭಾಗಿಸಿ ನೋಡ್ರೋ ಎಂದು ಜಾರಿಕೊಳ್ಳುತ್ತಿದ್ದೆ. ಎಂಟರಲ್ಲಿ ಬರೆದರೆ ಅಂಕಿಗಳನ್ನು ಕೂಡಿ ನೋಡಿದರೆ ಸಾಕು. ಕೊನೆಯಲ್ಲಿ ಸೊನ್ನೆಯಿದ್ದರೆ ಪೂರ್ತಿ ಮಾರು. ನಾಲ್ಕಿದ್ದರೆ ಮೇಲೆ ಅರ್ಧ ಮಾರು. ಎಂಟನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಮತ್ತೂ ಅರ್ಧ ಮಾಡಿದರೂ ಮುರಿಯುವುದಿಲ್ಲ. ಹತ್ತು ಎರಡನೆಯ ಸಲಕ್ಕೇ ಮುರಿದು ಬೀಳುತ್ತದೆ. ಇದನ್ನು ಗಿರಿಜೆಗೆ ಉತ್ಸಾಹದಿಂದ ವಿವರಿಸಿದೆ.

“ಅಲ್ರಿ, ಪರೀಕ್ಷೆ ಐತೆ ಅಂತ ಬಂದಾಕೆಗೆ ಇದೆಲ್ಲಾ ಯಾಕೆ?” ಎಂದಳು ಗಿರಿಜೆ. “ಅವರು ಪ್ರಶ್ನೆಪತ್ರಿಕೆನೂ ಮಾರು ಗೇಣಾಗೇ ಕೊಡ್ತಾರಾ?”

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಒಂದು ದಿನ ಬೆಸಸಂಖ್ಯೆಗಳ ವರ್ಗಗಳನ್ನು ಎಂಟರಲ್ಲಿ ಬರೆದು ತೋರಿಸಿದೆ. ಮೂರರ ವರ್ಗ ಒಂಬತ್ತು, ಎಂಟರಲ್ಲಿ ೧೧. ಐದರ ವರ್ಗ ಇಪ್ಪತ್ತೈದು, ಎಂಟರಲ್ಲಿ ೩೧. ಏಳರದು ೬೧. ಒಂಬತ್ತರದು ೧೨೧. ಎಲ್ಲವೂ ಒಂದರಲ್ಲೇ ಮುಗಿಯುತ್ತವೆ. ಎಷ್ಟು ದೊಡ್ಡ ಬೆಸಸಂಖ್ಯೆ ತಗೊಂಡರೂ ಅಷ್ಟೇ. ಏಕೆ ಎಂದು ಬೀಜಗಣಿತದಲ್ಲಿ ಸಾಧಿಸಿ ತೋರಿಸಲು ನಾನು ಪೆನ್ನಿನ ಕ್ಯಾಪು ತೆಗೆದೆ. ಹುಲಿಗೆಮ್ಮ ಆ ಅಂಕಿಗಳನ್ನು ನೋಡುತ್ತ, “ಇದು ರಂಗೋಲಿ ಅಲ್ರೇನ್ರಿ,” ಎಂದಳು.

ಎದ್ದು ಹೋಗಿ ಗಿರಿಜೆಯ ರಂಗೋಲಿ ಡಬ್ಬಿ ತಂದು ಪಡಸಾಲೆಯ ನೆಲದ ಮೇಲೆ ಐದು ಸಾಲು ಐದೈದು ಚುಕ್ಕಿ ಇಟ್ಟಳು. ನಡುವಿನ ಚುಕ್ಕಿಯ ಸುತ್ತ ಬೆರಳಿಂದ ಒಂದು ಸುತ್ತು ಬಿಡಿಸಿದಳು. “ಇದು ನಡುವಿಂದು, ಇದನ್ನ ಬಿಡ್ರಿ.” ಉಳಿದ ಇಪ್ಪತ್ತನಾಲ್ಕನ್ನು ಗಿರಗಿಟ್ಲೆಯ ರೆಕ್ಕೆಯ ಹಾಗೆ ನಾಲ್ಕು ಆಯತ ಮಾಡಿದಳು, ಒಂದೊಂದರಲ್ಲೂ ಎರಡು ಸಾಲು, ಮೂರು ಮೂರು ಚುಕ್ಕಿ. ಪ್ರತಿ ಆಯತದ ನಡುವೆ ಓರೆಯಾಗಿ ಒಂದು ಗೆರೆ ಎಳೆದಾಗ ಮೂರು ಮೂರು ಚುಕ್ಕಿಯ ಎಂಟು ಎಸಳಾದವು. ಮೇಲೆ ಒಂದು, ಕೆಳಗೆ ಎರಡು. “ಏಳೇಳು ಚುಕ್ಕಿ ಇಟ್ರ ಒಂದೊಂದು ಎಸಳಿಗೆ ಆರು ಬರ್ತಾವ್ರಿ. ಒಂದು, ಎರಡು, ಮೂರು ಅಂತ ಸಾಲು. ನಡುವಿಂದು ಯಾವಾಗಲೂ ಒಂದಾ ಉಳಿಯಾದು.”

ನಾನು ಪೆನ್ನಿಗೆ ಕ್ಯಾಪು ಹಾಕಿದೆ. ೧೧, ೩೧, ೬೧, ೧೨೧. ಕೊನೆಯ ಒಂದನ್ನು ಅಳಿಸಿ ನೋಡಿದರೆ ೧, ೩, ೬, ೧೨ ಉಳಿಯುತ್ತವೆ. ಎಂಟರ ೧೨ ಎಂದರೆ ನಮ್ಮ ಹತ್ತು. ಒಂದು, ಮೂರು, ಆರು, ಹತ್ತು ಎಂದರೆ ತ್ರಿಕೋನಾಕಾರದಲ್ಲಿ ಜೋಡಿಸಬಹುದಾದ ಸಂಖ್ಯೆಗಳು. ಯಾವ ಬೆಸಸಂಖ್ಯೆಯ ವರ್ಗವನ್ನಾದರೂ ಎಂಟರಲ್ಲಿ ಬರೆದು ಕೊನೆಯ ಒಂದನ್ನು ತೆಗೆದರೆ ಒಂದು ತ್ರಿಕೋನ ಸಂಖ್ಯೆ ಕೂತಿರುತ್ತದೆ. ಬೀಜಗಣಿತದಲ್ಲಿ ನಾಲ್ಕು ಸಾಲು ಹಿಡಿಯುವ ಈ ಮಾತನ್ನು ಅವಳು ನೆಲದ ಮೇಲೆ ಬಿಳಿ ಪುಡಿಯಲ್ಲಿ ಸಾಧಿಸಿ, ಕೈ ಕೊಡವಿಕೊಂಡು, “ಹಿಟ್ಟು ಕಲಸ್ಬೇಕ್ರಿ, ಬರ್ತೀನಿ,” ಎಂದು ಹೋದಳು. ನಾನು ಸಂಜೆಯವರೆಗೂ ಆ ರಂಗೋಲಿಯನ್ನು ದಾಟದೆ ಸುತ್ತು ಹಾಕಿ ಓಡಾಡಿದೆ. ಗಿರಿಜೆಯನ್ನೂ ಗುಡಿಸಲು ಬಿಡಲಿಲ್ಲ.

ಪರೀಕ್ಷೆ ಕೊಟ್ಟೂರಿನಲ್ಲಿತ್ತು. ಅವಳು ಬೆಳಗಿನ ಬಸ್ಸಿಗೆ ಹೋಗಿ ಬಂದಳು. “ಎಲ್ಲಾ ಬರದೀನ್ರಿ,” ಎಂದಳು. ಫಲಿತಾಂಶದ ದಿನ ನನ್ನ ಫೋನಿನಲ್ಲೇ ನೋಡಿದೆವು. ಇಪ್ಪತ್ತೊಂಬತ್ತು. ಪಾಸಾಗಲು ಮೂವತ್ತೈದು ಬೇಕಿತ್ತು.

ಅವಳು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಗಿರಿಜೆ ನೀರು ತಂದು ಕೊಟ್ಟಳು. ನಾನು ಏನಾದರೂ ಸಮಾಧಾನ ಹೇಳಬೇಕಾಗಿತ್ತು. ನನ್ನ ತಲೆಗೆ ಆ ಹೊತ್ತಿನಲ್ಲಿ ಹೊಳೆದದ್ದು ಏನೆಂದರೆ, ಇಪ್ಪತ್ತೊಂಬತ್ತು ಎಂದರೆ ಮೂರು ಎಂಟು ಇಪ್ಪತ್ತನಾಲ್ಕು, ಮೇಲೆ ಐದು. ಎಂಟರ ಮಾನದಲ್ಲಿ ಬರೆದರೆ ೩೫. ಹೊಳೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಬುದ್ಧಿ ದೇವರು ನನಗೆ ಕೊಡಲಿಲ್ಲ.

“ನೋಡವ್ವ, ಎಂಟರಾಗ ಬರದ್ರ ಇದು ಮೂವತ್ತೈದಾ,” ಅಂದೆ.

ಅವಳು ಗ್ಲಾಸು ಕೆಳಗಿಟ್ಟಳು. “ಹಂಗ ಬರ್ಕೊಂಡು ನಾ ಯಾರಿಗೆ ತೋರಸ್ಲಿ ಸರ್,” ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದಳು. ಗಿರಿಜೆ ನನ್ನ ಮುಖ ನೋಡಲಿಲ್ಲ, ಗ್ಲಾಸು ತಗೊಂಡು ಒಳಗೆ ಹೋದಳು. ಅಂದಿನ ಊಟದಲ್ಲಿ ಉಪ್ಪು ಕಡಿಮೆಯಿತ್ತು. ಕೇಳಲಿಲ್ಲ.

ಹತ್ತು ಹನ್ನೆರಡು ದಿನ ಹುಲಿಗೆಮ್ಮ ಬರಲಿಲ್ಲ. ಚಹಾದಂಗಡಿಯಲ್ಲಿ ಕೂತು ನಾನು ಬಹಳ ಯೋಚಿಸಿದೆ. ಸಂಖ್ಯೆಗಳ ಗುಣಗಳಲ್ಲಿ ಎರಡು ಜಾತಿ. ಕೆಲವು ಸಂಖ್ಯೆಗೇ ಸೇರಿದವು. ಹದಿಮೂರು ಅವಿಭಾಜ್ಯ, ಹತ್ತರಲ್ಲಿ ೧೩ ಎಂದು ಬರೆದರೂ ಎಂಟರಲ್ಲಿ ೧೫ ಎಂದು ಬರೆದರೂ ಅದು ಅವಿಭಾಜ್ಯವೇ. ಇಪ್ಪತ್ತೈದು ಚುಕ್ಕಿಗಳನ್ನು ಚೌಕ ಮಾಡಬಹುದು, ಬರೆಯುವ ಬಗೆ ಬದಲಾದರೆ ಚೌಕ ಕೆಡುವುದಿಲ್ಲ. ಇನ್ನು ಕೆಲವು ಬರವಣಿಗೆಗೆ ಸೇರಿದವು. ಅಂಕಿಗಳ ಮೊತ್ತ ಎಷ್ಟು, ಕೊನೆಯ ಅಂಕಿ ಯಾವುದು, ಇವೆಲ್ಲ ಅಂಗಿಯ ಗುಣ, ಮೈಯದ್ದಲ್ಲ. ಇಪ್ಪತ್ತೊಂಬತ್ತಕ್ಕೆ ಮೂವತ್ತೈದರ ಅಂಗಿ ತೊಡಿಸಿದರೂ ಅದು ಇಪ್ಪತ್ತೊಂಬತ್ತೇ. ನಾನು ಅವಳಿಗೆ ಆ ಮೂರು ತಿಂಗಳು ಕಲಿಸಿದ್ದರಲ್ಲಿ ಎಷ್ಟು ಅವಳಿಗಾಗಿ, ಎಷ್ಟು ನನಗಾಗಿ ಎಂದು ಭಾಗ ಮಾಡಿ ನೋಡಿದೆ. ಉತ್ತರ ಇಷ್ಟವಾಗಲಿಲ್ಲ.

ಹಾಸ್ಟೆಲಿಗೆ ಹೋದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ವಾರದ ಊಟದ ಪಟ್ಟಿ. ನಿಂತುಕೊಂಡೇ ಹೇಳಿದೆ. “ತಪ್ಪು ನಂದು ಹುಲಿಗೆಮ್ಮ. ನಿನ್ನ ಪರೀಕ್ಷಿ ಬಿಟ್ಟು ನನ್ನ ಖುಷಿ ನೋಡ್ಕೊಂಡೆ. ಇನ್ನೊಂದು ಪರೀಕ್ಷಿ ಐತಿ. ಈ ಸಲ ಬರೀ ಹತ್ತು.”

ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಒಂದು ಬದನೆಕಾಯಿ ಮುಗಿಸಿ ನೀರಿಗೆ ಹಾಕಿದಳು.

“ಖುಷಿ ನನಗೂ ಆಗಿತ್ರಿ,” ಎಂದಳು. “ಸುಳ್ಳ್ಯಾಕ ಹೇಳ್ಲಿ. ಲೆಕ್ಕದಾಗ ನನ್ನ ಮಾತು ಸರಿ ಅಂತ ಯಾರರ ಅಂದಿದ್ದು ಅದಾ ಮೊದಲು. ಆದ್ರ ಹೊಟ್ಟಿಪಾಡೂ ನೋಡ್ಬೇಕಲ್ರಿ.”

“ನೋಡೂಣು.”

“ನನ್ನ ಕೈಗೆ ಹೆಂಗ ಹೇಳಾದು ಸರ್? ಬಾಯಿ ಹತ್ತು ಅಂತೈತಿ, ಕೈ ಎಂಟಕ್ಕ ಮುಗಿದುಬಿಡ್ತೈತಿ. ಪರೀಕ್ಷ್ಯಾಗ ಗಡಿಬಿಡಿ ಆತಂದ್ರ ಕೈ ಮಾತಾ ನಡಿಯಾದು.”

ಇದು ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆ. ಇಬ್ಬರೂ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದೆವು. ಎಣಿಸುವ ಬೆರಳನ್ನೂ ಎಣಿಕೆಗೆ ಸೇರಿಸಬೇಕು, ಅಷ್ಟೇ ಮಾಡಬೇಕಾದದ್ದು. ಹೇಳಲು ಸುಲಭ. ನಾಲ್ಕು ಬೆರಳು ಮುಟ್ಟಿದ ಮೇಲೆ ಹೆಬ್ಬೆರಳು ತನ್ನನ್ನು ತಾನು ಮುಟ್ಟಿಕೊಳ್ಳಲಾರದು. ಉಪಾಯ ಹುಡುಕಿದವಳು ಅವಳೇ. ಪಕ್ಕದ ಡಬ್ಬಿಗೆ ಎರಡೂ ಹೆಬ್ಬೆರಳು ಅದ್ದಿದಳು. ಅರಿಷಿಣ.

“ನಾಕು ಮುಟ್ಟಿದ ಮ್ಯಾಲೆ ಹಳದಿ ಕಾಣ್ತೈತಿ. ಕಂಡಕೂಡ್ಲೆ ಐದು ಅಂತೀನಿ,” ಎಂದಳು.

ಆ ಎರಡು ತಿಂಗಳು ನಮ್ಮ ಪಡಸಾಲೆಯ ಪುಸ್ತಕಗಳ ಅಂಚಿಗೆಲ್ಲ ಹಳದಿ ಹತ್ತಿತು. ನಾನು ಎಂಟರ ಹೆಸರೆತ್ತಲಿಲ್ಲ. ಎತ್ತಿದರೆ ಗಿರಿಜೆ ಒಳಗಿಂದ ಕೆಮ್ಮುತ್ತಿದ್ದಳು. ಮೊದಲ ವಾರ ಕೈ ಹಟ ಮಾಡಿತು. ಅಂಗೈ ಎರಡೂ ಕೂಡಲು ಓಡುತ್ತಿದ್ದವು, ಅವಳು ನಡುವೆ ತಡೆದು ಹಳದಿ ನೋಡಿ ಮುಂದೆ ಎಣಿಸುತ್ತಿದ್ದಳು. ಮೂರನೆಯ ವಾರಕ್ಕೆ ನೂರಕ್ಕೆ ಒಂದೋ ಎರಡೋ ತಪ್ಪು. ಆಮೇಲೆ ಅವೂ ಇಲ್ಲ. ನನಗೆ ಸಂತೋಷದ ಜೊತೆ ಒಂದು ಸಣ್ಣ ನೋವೂ ಆಯಿತು. ಒಂದು ಒಳ್ಳೆಯ ಭಾಷೆ ಬಲ್ಲವಳ ಬಾಯಿ ಕಟ್ಟಿ ಇನ್ನೊಂದು ಭಾಷೆ ಕಲಿಸುತ್ತಿದ್ದೇನೋ ಎಂದು. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಇಷ್ಟರಲ್ಲಿ ಅದನ್ನು ಕಲಿತಿದ್ದೆ.

ಪರೀಕ್ಷೆಯ ದಿನ ಕೊಟ್ಟೂರಿನ ಕೋಣೆಯಲ್ಲಿ ಮೇಲ್ವಿಚಾರಕರು ಅವಳ ಹಳದಿ ಹೆಬ್ಬೆರಳು ನೋಡಿ ಹತ್ತಿರ ಬಂದು ನಿಂತರಂತೆ. ಬೆರಳಿನ ಮೇಲೆ ಏನಾದರೂ ಬರೆದುಕೊಂಡು ಬಂದಿದ್ದಾಳೋ ಎಂದು.

“ಅಡಗಿಮನ್ಯಾಗ ಕೆಲ್ಸ ಮಾಡಾಕಿರಿ,” ಅಂದಳಂತೆ. ಅವರು ಎರಡೂ ಬೆರಳು ತಿರುಗಿಸಿ ನೋಡಿ ಮುಂದೆ ಹೋದರು.

ಈ ಸಲ ಫಲಿತಾಂಶವನ್ನು ಅವಳೇ ಹಾಸ್ಟೆಲಿನ ಹುಡುಗಿಯರ ಜೊತೆ ನೋಡಿ ಬಂದಳು. ಬಾಗಿಲಲ್ಲಿ ನಿಂತು, “ನಲವತ್ನಾಕು,” ಎಂದಳು. ಗಿರಿಜೆ ಅವಳ ಕೈ ಹಿಡಿದು ಒಳಗೆ ಕರೆದು ಬಾಯಿಗೆ ಸಕ್ಕರೆ ಹಾಕಿದಳು. ನಾನು ಖುರ್ಚಿಯಿಂದ ಎದ್ದು ನಿಂತೆ, ಮತ್ತೆ ಕೂತೆ. ನಲವತ್ತನಾಲ್ಕು ಎಂಟರಲ್ಲಿ ಎಷ್ಟು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸಕ್ಕರೆ ಕರಗಿಸಿಕೊಳ್ಳುತ್ತಿದ್ದ ಹುಲಿಗೆಮ್ಮ ನನ್ನ ಮುಖ ನೋಡಿದಳು. ನೋಡಿ, ಎರಡೂ ಅಂಗೈ ಮೆಲ್ಲಗೆ ಕೂಡಿಸಿ ಬಿಟ್ಟಳು.

“ಐದು ಮಾರು ನಾಕು ಗೇಣು, ಸರ್.”

ನಾವಿಬ್ಬರೂ ನಕ್ಕೆವು. ಗಿರಿಜೆಗೆ ಅರ್ಥವಾಗಲಿಲ್ಲವೆಂದು ತಿಳಿದಿದ್ದೆ. “ಈಗ ಹೇಳ್ಕೊಳ್ರಿ, ಪಾಸಾದ ಮೇಲೆ ಯಾವುದರಾಗ ಬೇಕಾದ್ರೂ ಬರ್ಕೊಳ್ರಿ,” ಎಂದಳು ಅವಳು.

ಕೆಲಸ ತಕ್ಷಣ ಬರಲಿಲ್ಲ. ಅರ್ಜಿ ಹೋಯಿತು, ಪತ್ರ ಬಂತು, ಜೆರಾಕ್ಸು ಕೇಳಿದರು, ಮೂಲಪ್ರತಿ ಕೇಳಿದರು. ವಯಸ್ಸಿನ ಮಿತಿಗೆ ಇನ್ನು ಐದು ವಾರ ಇದೆ ಎನ್ನುವಾಗ ಆದೇಶ ಬಂತು. ಹಗರಿಬೊಮ್ಮನಹಳ್ಳಿಯ ಒಂದು ಹಾಸ್ಟೆಲಿಗೆ ಮುಖ್ಯ ಅಡುಗೆಯವಳು. ಗಂಡನೂ ಅಲ್ಲಿಗೇ ಕೆಲಸ ಬದಲಿಸಿಕೊಂಡ. ಹೋಗುವ ಮುಂಚೆ ಗಿರಿಜೆಗೆ ಒಂದು ಮಾರು ಮಲ್ಲಿಗೆ ಕಟ್ಟಿಕೊಟ್ಟು ಹೋದಳು. ನಾನು ಮಾಲೆಯನ್ನು ಗೇಣಿನಿಂದ ಅಳೆದು ನೋಡಿದೆ. ಒಂಬತ್ತಾಯಿತು. ನನ್ನ ಗೇಣು ಚಿಕ್ಕದೋ ಅವಳ ಮನಸ್ಸು ದೊಡ್ಡದೋ ತೀರ್ಮಾನವಾಗಲಿಲ್ಲ.

ಮೊನ್ನೆ ಮಧ್ಯಾಹ್ನ ಫೋನು ಬಂತು. ಹಿಂದೆ ಪಾತ್ರೆಗಳ ಸದ್ದು, ಹುಡುಗಿಯರ ಗದ್ದಲ. ಕ್ಷೇಮ ಸಮಾಚಾರ ಆದ ಮೇಲೆ ಹುಲಿಗೆಮ್ಮ ದನಿ ತಗ್ಗಿಸಿದಳು.

“ಸರ್, ಇಲ್ಲೊಬ್ಬಾಕಿ ಹುಡುಗಿ ಕಂಪ್ಯೂಟರ್ ಓದ್ತಾಳ. ಹದಿನಾರರಾಗೂ ಬರಿಯಾ ಲೆಕ್ಕ ಐತಿ ಅಂತಾಳ. ಅಂಕಿ ಸಾಲಂಗಿಲ್ಲ ಅಂತ ನಡುವ ಅಕ್ಷರ ಹಚ್ತಾರಂತ. ಖರೇನೇನ್ರಿ?”

“ಖರೇ,” ಅಂದೆ.

ಆ ಕಡೆಯಿಂದ ಬಳೆಗಳ ಸಣ್ಣ ಸದ್ದು ಬಂತು. ಅವಳು ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಎಡಗೈ, ಬಲಗೈ, ಎಂಟಾಯಿತು, ಆಮೇಲೆ ಎಣಿಸಲು ಕೈಯಿಲ್ಲ.

“ಹಂಗಾರ ಅದಕ್ಕ ಇಬ್ಬರು ಎದುರುಬದರು ಕುಂದರಬೇಕಲ್ರಿ,” ಎಂದಳು.

ಹೌದವ್ವ ಎಂದೆ. ಒಳಗೆ ಗಿರಿಜೆ ಅವರೆಕಾಯಿ ಬಿಡಿಸುತ್ತಿದ್ದಳು. ಫೋನಿಟ್ಟು ಹೋಗಿ ಅವಳೆದುರಿಗೆ ಕೂತು, ಕೈ ಚಾಚಲು ಹೇಳಿದೆ.